ಕಿಟಕಿಯಲ್ಲಿ ಬಂದು ಹೋಗುವ ಲಿಂಕನ್ ಮುತ್ಯಾ

ವಾಡಿ ಜಂಕ್ಷನ್ನಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸಿಮೆಂಟ್ ಧೂಳು ಕೂತ ಬೆಂಚಿನ ಮೇಲೆ ಮರೆಮ್ಮ ಬುಟ್ಟಿ ಇಳಿಸುತ್ತಾರೆ. ಬುಟ್ಟಿಯ ತುಂಬ ಹುರಿದ ಶೇಂಗಾ, ಅದರಡಿ ಗೋಣಿಚೀಲ. ಗೋಣಿಯ ಅಡಿಯಲ್ಲಿ ಬೇರೆ ದಿನಗಳಲ್ಲಾದರೆ ಅಬ್ರಹಾಂ ಲಿಂಕನ್ ಮಲಗಿರುತ್ತಾನೆ. ನಗಬೇಡಿ, ಮಾತು ಖರೆ. ಇವತ್ತು ಮಾತ್ರ ಆ ಜಾಗ ಖಾಲಿ. ಮರೆಮ್ಮ ಮತ್ತೆ ಮತ್ತೆ ಗೋಣಿ ಎತ್ತಿ ನೋಡುತ್ತಾರೆ.

ವಾಡಿಯ ನಿವೃತ್ತ ಸ್ಟೇಶನ್ ಮಾಸ್ತರ ಲಾಲ್ ಅಹ್ಮದ್ ಅವರು ಇಂಗ್ಲಿಷ್ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು, ಆ ಅಮೆರಿಕದ ಅಧ್ಯಕ್ಷನ ಬದುಕನ್ನೂ ಅವನ ಪತ್ರಗಳನ್ನೂ ಕನ್ನಡಕ್ಕೆ ತಂದವರು. ಒಂದು ಗಾಡಿ ಹೋಗಿ ಇನ್ನೊಂದು ಬರುವ ನಡುವೆ ಸಿಕ್ಕಷ್ಟು ಹೊತ್ತಿನಲ್ಲಿ, ಪೆನ್ಸಿಲ್ಲಿನಲ್ಲಿ, ಅಳಿಸಿ ತಿದ್ದಿ ಬರೆದದ್ದು. ನೀಲಿ ಬಟ್ಟೆಯ ರಟ್ಟಿನ ಐದು ಸಂಪುಟಗಳಾದವು. ಪೆನ್ಸಿಲ್ ಈಗ ಮಾಸಿದೆ, ಝೆರಾಕ್ಸ್ ಮಾಡಿಸಿದರೆ ಬಿಳಿ ಹಾಳೆಯೇ ಬರುತ್ತದೆ, ಮೊಬೈಲಿನಲ್ಲಿ ತೆಗೆದರೂ ಅರ್ಧ ಅಕ್ಷರ ಕಾಣುವುದಿಲ್ಲ. ಇರುವುದು ಅದೊಂದೇ ಪ್ರತಿ. ಬರೆದವರ ಕಣ್ಣು ಈಗ ಪೂರಾ ಹೋಗಿದೆ.

ಆ ಒಂದು ಪ್ರತಿಯನ್ನು ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿಯ ಓದುಗರಿಗೆ ಮುಟ್ಟಿಸುವವರು ಶೇಂಗಾ ಮಾರುವ ಮರೆಮ್ಮ. ಗಾಡಿ ನಿಂತ ಕೂಡಲೇ ಓದುಗರು ಕಿಟಕಿಗೆ ಓಡಿಬರಬೇಕು. ಓದಿದ ಸಂಪುಟ ಸರಳುಗಳ ನಡುವೆ ಒಳಗೆ ಬಂದರೆ ಮಾತ್ರ ಮುಂದಿನದು ಹೊರಗೆ ಹೋಗುತ್ತದೆ. ಗಾಡಿ ಬಿಡುವುದರೊಳಗೆ ಗಂಟು ಬಿಚ್ಚಿ ನೋಡಿಕೊಳ್ಳುವುದು ಮರೆಮ್ಮ ತಾವೇ ಹಾಕಿಕೊಂಡ ಕಟ್ಟಳೆ.

ಕಾಗಿಣಾ ನದಿ ದಂಡೆಯ ಮನೆತನ ಅವರದು. ಅಜ್ಜ ಹರಗೋಲು ಹಾಕುತ್ತಿದ್ದರು, ಸೇತುವೆ ಬಂದ ಮೇಲೆ ಆ ಕಸುಬು ಹೋಯಿತು. ಗಂಡ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ದುಡಿದು ಸೊಂಟ ಕಳೆದುಕೊಂಡು ಮನೆ ಹಿಡಿದಿದ್ದಾರೆ. ಶೇಂಗಾ ಬುಟ್ಟಿಯೇ ಮನೆಗೆ ಆಸರೆ. ಪುಸ್ತಕ ಹೊತ್ತದ್ದಕ್ಕೆ ಯಾರೂ ಏನೂ ಕೊಡುವುದಿಲ್ಲ, ಇವರು ಕೇಳುವುದೂ ಇಲ್ಲ.

"ನಮ್ಮಜ್ಜ ಮಂದೀನ ಈ ದಂಡಿಯಿಂದ ಆ ದಂಡಿಗಿ ಮುಟ್ಟಸ್ತಿದ್ದ. ನಾ ಬುಕ್ಕು ಮುಟ್ಟಸ್ತೀನಿ. ನಡುವ ಮುಣಗಸಬಾರದು ನೋಡ್ರಿ, ಅಷ್ಟೇ" ಎನ್ನುತ್ತಾರೆ.

ಮರೆಮ್ಮ ಓದು ಬಲ್ಲವರು, ಆದರೆ ನಿಧಾನ. ಪುಸ್ತಕ ಕೈಗೆ ಬಂದು ನಾಲ್ಕು ಪುಟ ಆಗುವುದರೊಳಗೆ ಯಾವುದೋ ಸ್ಟೇಶನ್ನಿನಲ್ಲಿ ಯಾರೋ ಕೈ ಚಾಚಿರುತ್ತಾರೆ. ಹೀಗಾಗಿ ವರ್ಷಗಟ್ಟಲೆ ಹೊತ್ತರೂ ಅವರು ಇನ್ನೂ ಎರಡನೆಯ ಸಂಪುಟದಲ್ಲೇ ಇದ್ದಾರೆ. ನಾಟಕ ನೋಡುತ್ತ ಕೂತಿದ್ದ ಲಿಂಕನ್ನನನ್ನು ಹಿಂದಿನಿಂದ ಗುಂಡಿಕ್ಕಿ ಕೊಂದರು ಎಂಬುದು ಶಾಲೆ ಕಲಿತ ಎಲ್ಲರಿಗೂ ಗೊತ್ತು. ಮರೆಮ್ಮನಿಗೆ ಗೊತ್ತಿಲ್ಲ. ಲಿಂಕನ್ ಅವರಿಗೆ ಮುತ್ಯಾ, ಅಂದರೆ ಅಜ್ಜ. "ಮುತ್ಯಾನ ಕಥಿ ನಾನೇ ಓದ್ತೀನಿ, ಮುಂದಿಂದು ಯಾರೂ ಹೇಳಬ್ಯಾಡ್ರಿ" ಎಂದು ಎಲ್ಲರಿಗೂ ತಾಕೀತು ಮಾಡಿಟ್ಟಿದ್ದಾರೆ. ಇಷ್ಟು ವರ್ಷ ಇಷ್ಟೂ ಸ್ಟೇಶನ್ನುಗಳ ಓದುಗರು ಬಾಯಿ ಬಿಟ್ಟಿಲ್ಲ. ಎಂಥ ಮಂದಿ ಅಂತೀರಿ!

ಇವತ್ತು ಗೋಣಿಯಡಿ ಖಾಲಿ ಇರುವುದಕ್ಕೆ ಕಾರಣ ಶಹಾಬಾದದ ಮುದ್ರಕ ಸಿದ್ದಲಿಂಗೇಶ. ಪುಸ್ತಕ ಅಚ್ಚು ಹಾಕಿಕೊಡಲು ಅವರು ಒಪ್ಪಿದ್ದಾರೆ. ಸಂಜೆ ವಾಡಿಗೆ ಬಂದು ಐದೂ ಸಂಪುಟ ಒಯ್ಯುತ್ತಾರೆ. "ಐದೂ ಕೂಡಿ ಇರ್ಬೇಕ್ರಿ. ನಾಳಿಯಿಂದ ಇದರ ಕೆಲಸ ಹಿಡೀಬೇಕು, ತಪ್ಪಿದ್ರ ಲಗ್ನಪತ್ರಿಕಿ ಕೆಲಸ ಸುರು ಆಗ್ತದ. ಅದು ಮುಗೀತಂದ್ರ ಮಷೀನೇ ಮಾರ್ಲಿಕತ್ತೀನಿ" ಎಂದು ಮೊದಲೇ ಹೇಳಿಬಿಟ್ಟಿದ್ದಾರೆ. ನಾಲ್ಕು ಸಂಪುಟ ಮಾಸ್ತರರ ಮನೆ ಸೇರಿವೆ. ಉಳಿದದ್ದು, ಪತ್ರಗಳಿರುವ ನಾಲ್ಕನೆಯದು, ಕೊಡ್ಲಿಯ ಭಾಗ್ಯಜ್ಯೋತಿಯ ಹತ್ತಿರ ಇದೆ. ಸೇಡಂನ ದವಾಖಾನೆಯೊಂದರಲ್ಲಿ ನರ್ಸ್ ಆಗಿರುವ ಆಕೆ ಇವತ್ತು ಕಿಟಕಿಗೆ ತಂದುಕೊಡಬೇಕು.

ಮರೆಮ್ಮ ಹತ್ತಿದ ಗಾಡಿ ಸೇಡಂ ತಲುಪುತ್ತದೆ. ಭಾಗ್ಯಜ್ಯೋತಿ ಓಡಿಬಂದು ಕಾವಿ ಬಟ್ಟೆಯ ಗಂಟನ್ನು ಸರಳಿನೊಳಗೆ ತೂರಿಸಿ, ಡ್ಯೂಟಿಗೆ ಹೊತ್ತಾಯಿತೆಂದು ಹಾಗೇ ತಿರುಗಿ ಓಡುತ್ತಾಳೆ. ಅದೇ ಹೊತ್ತಿಗೆ ಗಿರಾಕಿಯೊಬ್ಬ ಚಿಲ್ಲರೆಗಾಗಿ ಜಗಳ ತೆಗೆಯುತ್ತಾನೆ. ಗಾಡಿ ಹೊರಟುಬಿಡುತ್ತದೆ. ಸೇಡಂ ದಾಟಿದ ಮೇಲೆ ಗಂಟು ಬಿಚ್ಚಿದರೆ ಒಳಗೆ ಹಳೇ ಪಂಚಾಂಗಗಳು! ಮೇಲೆ ಕುಂಕುಮ, ವಿಭೂತಿ. ಮರೆಮ್ಮ ಕೂಡಲೇ ಫೋನು ಹಚ್ಚುತ್ತಾರೆ.

ಫೋನಿನಲ್ಲಿ ಭಾಗ್ಯಜ್ಯೋತಿ ಅಳುವುದೊಂದು ಬಾಕಿ. "ಯಕ್ಕಾ, ಕತ್ತಲದಾಗ ಗೂಟಕ್ಕಿದ್ದ ಗಂಟು ತಗೊಂಡು ಬಂದೀನಿ. ಹೊಲಸಾಗಬಾರದಂತ ಬುಕ್ಕಿಗೂ ನಮ್ಮ ಮಾವನೋರ ಅರಿವೀನೇ ಸುತ್ತಿದ್ದೆ. ಅವರು ಚಂದ್ರಂಪಳ್ಳಿಗಿ ಲಗ್ನದ ಮುಹೂರ್ತ ನೋಡಾಕ ಹೋಗ್ಯಾರ. ಇನ್ನೊಂದು ಗಂಟು ಅವರ ಬಗಲಾಗದ. ಫೋನ್ ಒಯ್ದಿಲ್ಲ."

ಅಂದರೆ ಪಂಚಾಂಗ ರೈಲು ಹತ್ತಿದೆ, ಲಿಂಕನ್ ಮುಹೂರ್ತ ನೋಡಲು ಹೋಗಿದ್ದಾನೆ.

ಮರೆಮ್ಮ ಮುಂದಿನ ಸ್ಟೇಶನ್ನಿನಲ್ಲಿ ಇಳಿದು, ಶೇಂಗಾ ಬುಟ್ಟಿಯನ್ನು ಚಹಾ ಅಂಗಡಿಯಲ್ಲಿಟ್ಟು, ಪಂಚಾಂಗವನ್ನು ಎದೆಗವಚಿಕೊಂಡು ಸೇಡಂಗೆ ಮರಳುವ ಟೆಂಪೋ ಹತ್ತುತ್ತಾರೆ. ಇವತ್ತಿನ ವ್ಯಾಪಾರ ಮುಗಿದ ಹಾಗೆಯೇ. ಸೇಡಂನಿಂದ ಬಸ್ಸು, ಚಿಂಚೋಳಿಯಲ್ಲಿ ಇನ್ನೊಂದು ಬಸ್ಸು. ಅದು ಹೊರಡುವ ಹೊತ್ತಿಗೆ ಬಿಸಿಲು ನೆತ್ತಿಯ ಮೇಲೆ. ದಾರಿಯುದ್ದಕ್ಕೂ ಒಂದೇ ಚಿಂತೆ. ಬೇಡದ ಪುಸ್ತಕವೆಂದು ಭಾಗ್ಯಜ್ಯೋತಿಯ ಮಾವ ಗುರುಲಿಂಗಯ್ಯನವರು ಎಲ್ಲಾದರೂ ಇಟ್ಟು ಬಂದರೆ? ಗಾಳಿಗೆ ಹಾಳೆ ಹಾರಿದರೆ? "ಸಾಹೇಬ್ರ ಕಣ್ಣು ಹೋಗಿ ಆ ಅಕ್ಷರ ಉಳದಾವ್ರಿ. ಅವೂ ಹೋದ್ರ ನಾ ಅವರಿಗಿ ಮಾರಿ ಹೆಂಗ ತೋರಸ್ಲಿ?" ಎಂದು ಪಕ್ಕದಲ್ಲಿ ಕೂತವರನ್ನೇ ಕೇಳುತ್ತಾರೆ.

ಚಂದ್ರಂಪಳ್ಳಿಯ ಆ ಮನೆಯ ಪಡಸಾಲೆಯಲ್ಲಿ ಗಂಡಿನ ಕಡೆಯವರು ಒಂದು ಬದಿ, ಹೆಣ್ಣಿನ ಕಡೆಯವರು ಒಂದು ಬದಿ. ನಡುವೆ ಎಲೆ ಅಡಿಕೆ, ಅರಿಶಿನದ ಬಟ್ಟಲು. ಕನ್ನಡಕ ಏರಿಸಿದ ಗುರುಲಿಂಗಯ್ಯನವರು ನೀಲಿ ರಟ್ಟಿನ ಸಂಪುಟ ಹಿಡಿದು ಗಟ್ಟಿಯಾಗಿ ಓದುತ್ತಿದ್ದಾರೆ. ಗಂಟು ಬಿಚ್ಚಿದಾಗಲೇ ಅವರಿಗೂ ಅದಲುಬದಲಾದದ್ದು ಗೊತ್ತಾಗಿದೆ. ಆದರೆ ಹತ್ತು ಮಂದಿಯೆದುರು ಪಂಚಾಂಗ ಮರೆತು ಬಂದೆ ಅನ್ನುವುದು ಹೇಗೆ? "ಘಳಿಗಿ ಇನ್ನೂ ಕೂಡಿ ಬಂದಿಲ್ಲ, ಅಲ್ಲೀತನ ಇದಿಷ್ಟು ಕೇಳ್ರಿ" ಅಂದುಬಿಟ್ಟಿದ್ದಾರೆ. ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತೀರಿ ಎಂದು ಪುಟ್ಟ ಹುಡುಗಿಯೊಬ್ಬಳು ಲಿಂಕನ್ನನಿಗೆ ಬರೆದದ್ದು, ಅವನು ಅವಳಿಗೆ ಉತ್ತರ ಬರೆದದ್ದು, ಆಮೇಲೆ ಗಡ್ಡ ಬಿಟ್ಟೇಬಿಟ್ಟದ್ದು, ಎಲ್ಲವೂ ಆಗಿದೆ.

"ನಮ್ಮ ಹುಡುಗಗೂ ಒಂದು ಕಾಗದ ಬರೀರಿ, ಇದ್ದ ಗಡ್ಡ ತಗೀ ಅಂತ" ಎಂದು ಮದುಮಗನ ಅಜ್ಜಿ ಹೇಳಿದಾಗ ಪಡಸಾಲೆ ನಗುತ್ತದೆ. ಆಗ ತಾನೇ ಹೊಸ್ತಿಲು ದಾಟಿ ಬಂದ ಮರೆಮ್ಮನಿಗೆ ನಗು ಬರುವುದಿಲ್ಲ.

"ಅಯ್ಯನವರ, ನಿಮ್ಮ ಪಂಚಾಂಗ ತಂದೀನ್ರಿ. ನನ್ನ ಮುತ್ಯಾನ ಕೊಡ್ರಿ."

"ಕುಂದ್ರವಾ ತಂಗಿ. ಇನ್ನೊಂದು ಕಾಗದ ಉಳದದ, ಮುಗಿಸೇ ಕೊಡ್ತೀನಿ."

"ಕುಂದ್ರಾಕ ಪುರಸೊತ್ತಿಲ್ರಿ. ಸಂಜೀಕ ವಾಡಿ ಮುಟ್ಟಲಿಲ್ಲಂದ್ರ ಇದು ಅಚ್ಚಾಗಂಗಿಲ್ಲ. ಅಚ್ಚಾತಂದ್ರ ನಿಮ್ಮ ಮನ್ಯಾಗೇ ಒಂದು ಇರ್ತದ. ಆಗ ದಿನಾ ಓದ್ರಿ" ಎನ್ನುತ್ತ ಅವರು ಪಂಚಾಂಗದ ಗಂಟು ಮುಂದೆ ಚಾಚುತ್ತಾರೆ.

ಅಯ್ಯನವರು ಪುಸ್ತಕ ಮುಚ್ಚಿ ಕೊಡುತ್ತಾರೆ. ಆ ಗಡ್ಡದ ಮದುಮಗನೇ ಮೋಟಾರ್ ಸೈಕಲ್ ತೆಗೆದು ಮರೆಮ್ಮನನ್ನು ಸೇಡಂ ಸ್ಟೇಶನ್ನಿಗೆ ಮುಟ್ಟಿಸುತ್ತಾನೆ. ಸಂಜೆಯ ಗಾಡಿ ತಡವಾಗಿ ಬರುತ್ತದೆ, ಚಿತ್ತಾಪುರದ ಹೊರಗೆ ಸಿಗ್ನಲ್ ಇಲ್ಲದೆ ಸುಮ್ಮನೆ ನಿಲ್ಲುತ್ತದೆ. ಮರೆಮ್ಮ ಬಾಗಿಲಲ್ಲಿ ನಿಂತು ಕೆಂಪು ದೀಪಕ್ಕೆ ಬಾಯಿಗೆ ಬಂದಂತೆ ಬೈಯುತ್ತಾರೆ. ಸಂಪುಟ ಕೈಯಲ್ಲೇ ಇದೆ, ಆದರೂ ತೆರೆದು ನೋಡುವುದಿಲ್ಲ. ಅವರ ಲಿಂಕನ್ ಇನ್ನೂ ಎರಡನೆಯ ಸಂಪುಟದಲ್ಲಿದ್ದಾನೆ.

ವಾಡಿಯಲ್ಲಿ ಶಹಾಬಾದ ಕಡೆಯ ಗಾಡಿ ಬರುತ್ತಿದೆಯೆಂದು ಮೈಕು ಕೂಗುತ್ತಿದೆ. ಸಿದ್ದಲಿಂಗೇಶ ಚೀಲ ಹೆಗಲಿಗೇರಿಸಿ ನಿಂತಿದ್ದಾರೆ. ಲಾಲ್ ಅಹ್ಮದ್ ಅವರು ಬೆಂಚಿನ ಮೇಲೆ ಕೋಲೂರಿ ಕೂತು, ಬರುವ ಹೆಜ್ಜೆಗಳಿಗೆ ಕಿವಿ ಕೊಟ್ಟಿದ್ದಾರೆ.

"ಸಾಹೇಬ್ರ, ತಗೋರಿ" ಎಂದು ಮರೆಮ್ಮ ಸಂಪುಟವನ್ನು ಅವರ ಕೈಯಲ್ಲಿಡುತ್ತಾರೆ.

ಮಾಸ್ತರರು ರಟ್ಟು ಸವರುತ್ತಾರೆ, ಹಾಳೆ ಮೂಸುತ್ತಾರೆ. "ಅರಿಶಿಣದ ವಾಸನಿ ಬರ್ಲಿಕತ್ತದಲ್ಲ ಮರೆಮ್ಮ?"

"ಮುತ್ಯಾ ಲಗ್ನಕ್ಕ ಹೋಗಿದ್ದನ್ರಿ. ಆಮ್ಯಾಲ ಹೇಳ್ತೀನಿ."

ಐದೂ ಸಂಪುಟ ಚೀಲ ಸೇರುತ್ತವೆ. ಹಗುರಾದ ಮರೆಮ್ಮ ಮಾಸ್ತರರ ಪಕ್ಕ ಕೂರುತ್ತಾರೆ. "ಅಚ್ಚಾದ ಮ್ಯಾಲ ನನಗೂ ಒಂದು ಕೊಡ್ರಿ. ಯಾರೂ ಕಿಟಕಿಗಿ ಕೈ ಚಾಚಲಾರದಂಗ ಒಂದಿನ ಕುಂತು ಓದಬೇಕು, ಮತ್ತೇನಿಲ್ಲ."

ಸಿದ್ದಲಿಂಗೇಶ ಹೊಸ ಮನುಷ್ಯ, ಈ ಸ್ಟೇಶನ್ನುಗಳ ಕಟ್ಟಳೆ ಅವರಿಗೇನು ಗೊತ್ತು. ಗಾಡಿ ಹತ್ತುತ್ತ ಮರುಕದಿಂದಲೇ ಹೇಳುತ್ತಾರೆ: "ಭಾಳ ದೊಡ್ಡ ಮನಷಾ ಬಿಡ್ರಿ. ಪಾಪ, ಕಡೀಕ ನಾಟಕ ನೋಡಾಕ ಹೋಗಿ..."

ಮಾಸ್ತರರ ಕೋಲು ಫರ್ಸಿಗೆ ಜೋರಾಗಿ ಬಡಿಯುತ್ತದೆ. ಸಿದ್ದಲಿಂಗೇಶ ಮಾತು ನುಂಗುತ್ತಾರೆ, ಗಾಡಿ ಹೊರಡುತ್ತದೆ.

ಮರೆಮ್ಮ ಅದು ಮರೆಯಾಗುವ ತನಕ ನೋಡುತ್ತಾರೆ. ದಿನವಿಡೀ ಬಿಗಿದಿದ್ದ ಮುಖದಲ್ಲಿ ಈಗ ಮೊದಲ ಸಲ ನಗು.

"ನಾಟಕ ನೋಡಾಕ ಹೋಗಿದ್ನೇನ್ರಿ ಮುತ್ಯಾ? ಚಲೋ ಆತು ಬಿಡ್ರಿ ಸಾಹೇಬ್ರ. ಅಷ್ಟು ದುಡದ ಜೀವ. ಒಂದಿನಾರ ಆರಾಮ ಕುಂತು ನೋಡ್ಲಿ."