ಪಟದೊಳಗಿನ ಹೆಣಕ್ಕೆ ಬಡಿದ ಡೋಲು

ನಮ್ಮೂರ ಡೋಲಿನ ಅಜ್ಜನ ಎಡ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಬಲಗೈಯಲ್ಲಿ ಕೋಲು, ಎಡಗೈ ಬರಿದು. ಜೀವಮಾನವಿಡೀ ಡೋಲಿನ ಚರ್ಮದ ಮೇಲೆ ಬಿದ್ದು ಬಿದ್ದು ಎಲ್ಲ ಅಳಿಸಿಹೋಗಿದ್ದವು. "ಭವಿಷ್ಯ ಹೇಳೋರು ನನ್ ಕೈ ನೋಡಿದ್ರೆ ಓಡಿಹೋಗ್ತಾರೆ ಟೀಚರೇ" ಎಂದು ತಾವೇ ನಗುತ್ತಿದ್ದರು.

ನಮ್ಮ ಗಾಳಿಬೀಡಿನಲ್ಲಿ ಮದುವೆಯಾಗಲಿ, ಸಾವಾಗಲಿ, ಎಲ್ಲರಿಗಿಂತ ಮುಂದೆ ನಡೆಯುವುದು ಅಜ್ಜನ ಡೋಲು. ಊಟದ ಎಲೆ ಮಾತ್ರ ಕೊಟ್ಟಿಗೆಯ ಪಕ್ಕ. ನಾನು ಮನೆಯಲ್ಲಿ ಮಕ್ಕಳಿಗೆ ಪಿಟೀಲು ಕಲಿಸುವಾಗಲೂ ಅವರು ಜಗಲಿ ದಾಟಿ ಒಳಗೆ ಬಂದವರಲ್ಲ. ನಾನೂ ಕರೆಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಹೊರಗೆ ಕೂತೇ ನನ್ನ ಶಿಷ್ಯರ ತಪ್ಪು ಹಿಡಿಯುತ್ತಿದ್ದರು. "ಗಡಿಬಿಡಿ ಯಾಕೆ? ಪೆಟ್ಟು ಬೀಳೋಕೆ ಮೊದ್ಲು, ಬಿದ್ ಮೇಲೆ, ಒಂದೊಂದ್ ಉಸಿರು ಉಂಟು. ಅದನ್ನ ನುಂಗ್ಬೇಡಿ." ನನಗೆ ಸ್ವರ ಕಲಿಸಿದವರು ಬೇರೆ. ಆ ಉಸಿರು ಕಲಿಸಿದ್ದು ಅಜ್ಜ.

ಕೆಲವು ವರ್ಷಗಳ ಹಿಂದೆ ಪೇಟೆಯ ಪ್ಲಾಂಟರೊಬ್ಬರು ತಮ್ಮ ಹಳೇ ಬಂಗಲೆಯನ್ನೇ ಮ್ಯೂಸಿಯಂ ಮಾಡಿದರು. ಅಲ್ಲೊಂದು ದೊಡ್ಡ ಚಿತ್ರ, ಯಾವ ಕಾಲದಲ್ಲೋ ಒಬ್ಬ ಬಿಳಿಯ ಬರೆದದ್ದು: ಮುಂದೆ ಡೋಲಿನವನು, ಹಿಂದೆ ಹೂ ಹೊದಿಸಿದ ಪಲ್ಲಕ್ಕಿ, ಅದರ ಹಿಂದೆ ಜನ. ಕೆಳಗೆ 'ಮದುವೆ ದಿಬ್ಬಣ' ಎಂದು ಹಿತ್ತಾಳೆಯ ಫಲಕ. ಆ ಚಿತ್ರ ನೋಡಿ ಸಂಗೀತ ಕಟ್ಟಿದ್ದೇವೆಂದು ಹೊರಗಿನ ನಾಲ್ವರು ವಾದಕರು ಬಂದರು. ಎರಡು ಪಿಟೀಲು, ಪಿಟೀಲಿನದೇ ದೊಡ್ಡಣ್ಣಂದಿರಂಥ ಒಂದು ವಿಯೋಲ, ಒಂದು ಚೆಲ್ಲೊ. ಮೈಕಿಲ್ಲದೆ, ಚಿತ್ರದ ಎದುರಿಗೇ, ನಲವತ್ತು ಜನರಿಗಷ್ಟೇ ಕಛೇರಿ. ಊರ ಕಡೆಯ ಓಡಾಟವೆಲ್ಲ ನನ್ನದು. ಕೊನೆಗೆ ಒಂದು ಡೋಲೂ ಇರಲಿ ಎಂದರು. ಅಜ್ಜನನ್ನು ಕರೆದುಕೊಂಡು ಹೋದೆ.

ಅಜ್ಜ ಚಪ್ಪಲಿ ಬಿಟ್ಟು ಚಿತ್ರದ ಮುಂದೆ ನಿಂತರು. ಆಮೇಲೆ ಮೆಲ್ಲಗೆ, "ಇದ್ ಮದುವೆ ಅಲ್ಲ ಟೀಚರೇ. ಹೆಣ" ಎಂದರು. "ಒಬ್ಬನ ತಲೇಲಾದ್ರೂ ವಸ್ತ್ರ ಉಂಟಾ ನೋಡಿ. ಡೋಲಿನವನ ಎಡಗೈ ಚರ್ಮ ಒತ್ತಿ ಹಿಡ್ದುಂಟು. ಸಾವಿಗೆ ಮಾತ್ರ ಹಾಗೆ. ಡೋಲು ಬಾಯ್ಬಿಟ್ಟು ಕೂಗ್ಬಾರ್ದು ಅಂತ."

ಇದನ್ನು ಕೇಳಿ ಆ ನಾಲ್ವರ ಮುಖಂಡನಿಗೆ ನಾಚಿಕೆಯಾಗಬೇಕಿತ್ತು. ಅವನೋ ಕುಣಿದಾಡಿಬಿಟ್ಟ. ಹಾಗಾದರೆ ಸಾವಿನ ಬಡಿತವೇ ಇರಲಿ ಎಂದ. ಅಜ್ಜ ಸುತರಾಂ ಒಪ್ಪಲಿಲ್ಲ. "ಹೆಣ ಇಲ್ದೆ ಆ ಪೆಟ್ಟು ಹಾಕ್ಬಾರ್ದು."

ಒಪ್ಪಿಸಿದ್ದು ನಾನು. ಅಜ್ಜನ ಮಗ ಬಾಡಿಗೆ ಜೀಪು ಓಡಿಸುತ್ತಾನೆ. ಅಪ್ಪ ಕೊಟ್ಟಿಗೆಯ ಪಕ್ಕ ಉಣ್ಣುವುದನ್ನು ನೋಡಿ ಬೆಳೆದವನು, ಡೋಲು ಮುಟ್ಟಲಿಲ್ಲ. "ನಿಮ್ಮ ನಂತ್ರ ಆ ಬಡಿತ ಯಾರಿಗೆ ಗೊತ್ತುಂಟು ಅಜ್ಜ? ನಾನು ಫೋನಲ್ಲಿ ಹಿಡಿದಿಡ್ತೇನೆ" ಎಂದೆ. ಅಜ್ಜ ಮತ್ತೆ ಪಟದ ಕಡೆ ತಿರುಗಿದರು.

"ಊರಿಗೆಲ್ಲ ನಾನ್ ಬಡ್ದೆ. ನಂಗ್ ಯಾರ್ ಬಡೀತಾರೆ ಅಂತ ಯೋಚ್ನೆ ಇತ್ತು. ಫೋನಲ್ಲಿ ಹಿಡ್ದದ್ದಾದ್ರೂ ಇರ್ಲಿ" ಎಂದರು. ಆಮೇಲೆ, "ಪಟದೊಳಗೆ ಮಲಗಿದ್ದಾನಲ್ಲ, ಅವನಿಗೆ ಬಡೀತೇನೆ. ಎಲ್ಲ ಎದ್ದು ನಿಲ್ಲಲಿ. ಚಪ್ಪಾಳೆ ಮಾತ್ರ ಬೇಡ. ಮೊದ್ಲೇ ಹೇಳ್ಬಿಡಿ ಟೀಚರೇ."

ಹೇಳಲೆಂದೇ ಕಛೇರಿಯ ಸಂಜೆ ಎದ್ದು ನಿಂತೆ. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಗಳು, ಕೋಟುಗಳು, ಅತ್ತರಿನ ಘಮ. ಇಂಥವರಿಗೆ ಎದ್ದು ನಿಲ್ಲಿ ಎನ್ನಲು ನಾಲಿಗೆ ಏಳಲಿಲ್ಲ. ಹಲ್ಲು ಕಿರಿದು, "ಅಪರೂಪದ ಜಾನಪದ ಕಲಾವಿದರು" ಎಂದಷ್ಟೇ ಹೇಳಿ, ಫೋನಿನ ರೆಕಾರ್ಡು ಒತ್ತಿ ಕೂತೆ. ಥೂ, ನನ್ನ ಜನ್ಮಕ್ಕಿಷ್ಟು.

ಅಜ್ಜ ತಲೆವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಜನಕ್ಕೆ ಬೆನ್ನು ಮಾಡಿ, ಪಟಕ್ಕೆ ಮುಖ ಮಾಡಿ ಬಡಿದರು. ಒತ್ತಿ ಹಿಡಿದ ಆ ದನಿ ನೆಲದೊಳಗಿಂದ ಬಂದಂತಿತ್ತು. ಕೊನೆಯ ಪೆಟ್ಟಿನ ಉಸಿರು ಮುಗಿಯುವ ಮೊದಲೇ ಚಪ್ಪಾಳೆ ಬಿತ್ತು. ಯಾರೋ "ಒನ್ಸ್ ಮೋರ್" ಎಂದರು. ಅಜ್ಜ ತಿರುಗಿ ಬೇರೆ ಯಾರನ್ನೂ ನೋಡಲಿಲ್ಲ, ನನ್ನನ್ನು ನೋಡಿದರು.

ವಾಪಸು ಬರುವಾಗ ಒಂದೇ ಮಾತು: "ಹೇಳ್ತೀರಿ ಅಂದ್ಕೊಂಡೆ." ಆಮೇಲೆ ನನ್ನ ಜಗಲಿಗೆ ಬರಲಿಲ್ಲ.

ಹೋದ ವರ್ಷ ಕಾಫಿ ಕೊಯ್ಲಿನ ಸಮಯದಲ್ಲಿ ಅಜ್ಜ ತೀರಿಕೊಂಡರು. ಅಂಗಳದಲ್ಲಿ ಮಲಗಿಸಿದ್ದರು. ಡೋಲು ಗೋಡೆಯಲ್ಲಿ ನೇತಾಡುತ್ತಿತ್ತು, ಬಡಿಯುವವರಿಲ್ಲ. ಮಗ ನನ್ನ ಹತ್ತಿರ ಬಂದು, "ಟೀಚರ ಫೋನಲ್ಲಿ ನನ್ ಹೆಣಕ್ಕೆ ಬಡಿತ ಉಂಟು ಅಂತ ಅಪ್ಪ ಹೇಳಿದ್ರು" ಎಂದ. ಅಷ್ಟಾದ ಮೇಲೂ ನನ್ನನ್ನೇ ನಂಬಿದ್ದರು, ಪುಣ್ಯಾತ್ಮ.

ಆ ರೆಕಾರ್ಡನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಮುಖ ಇರಲಿಲ್ಲ. ಫೋನ್ ಕೊಟ್ಟೆ. ಮಗ ಜೀಪಿನ ಸ್ಪೀಕರಿಗೆ ಸೇರಿಸಿದ. ಬಡಿತ ಶುರುವಾಯಿತು. ಗಂಡಸರು ತಲೆವಸ್ತ್ರ ಬಿಚ್ಚಿದರು, ಕೂತವರೆಲ್ಲ ಎದ್ದರು. ಅಜ್ಜನಿಗಾಗಿ ನಮ್ಮ ಊರು ಎದ್ದು ನಿಂತದ್ದು ಅದೇ ಮೊದಲು. ಚಟ್ಟ ಎತ್ತಿದರು. ನಾನು ಅಳುತ್ತ ಕೊನೆಯ ಪೆಟ್ಟಿಗೆ, ಅದರ ನಂತರದ ಉಸಿರಿಗೆ ಕಾದೆ. ಆಗ ನೆನಪಾಯಿತು.

ಓಡಿದೆ. ಜೀಪಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅಂಗಳದ ತುಂಬ ಆ ಸಂಜೆಯ ಚಪ್ಪಾಳೆ.

ಹೆಣ ಹೊತ್ತವರು ನಿಂತುಬಿಟ್ಟರು. ಮಗ ತಿರುಗಿ ಬೇರೆ ಯಾರನ್ನೂ ನೋಡಲಿಲ್ಲ, ನನ್ನನ್ನು ನೋಡಿದ.