ರೊಟ್ಟಿ ಹಿಡಿಯುವ ಕಿಸೆ

ಪೀಣ್ಯದಿಂದ ನಾವು ಹೊರಟದ್ದು ಮಾಗಿಯ ಒಂದು ಬೆಳಿಗ್ಗೆ. ಎದುರಿನ ಲೇತ್ ಶೆಡ್ಡಿನ ಬೋರ್ಡು ಕೂಡ ಕಾಣದಷ್ಟು ಮಂಜು. ಒಳಗೆ ಯಾರೋ ಕಬ್ಬಿಣ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು. ನನ್ನ ಜೊತೆ ಇದ್ದವರು ಶಾಂತವ್ವ. ನಮ್ಮ ಹೊಲಿಗೆ ಶೆಡ್ಡಿನಲ್ಲಿ ಅಪ್ಪನ ಕಾಲದಿಂದಲೂ ವಿಮಾನದ ಸೀಟುಗಳಿಗೆ ಗವಸು ಹೊಲಿಯುತ್ತ ಬಂದವರು, ಆದರೆ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಅಪ್ಪನ ನಂತರ ಶೆಡ್ಡು ನಡೆಸುತ್ತಿರುವ ನಾನೂ ಹತ್ತಿರಲಿಲ್ಲವೆನ್ನಿ. ಮದುವೆಮನೆಯ ಅಡುಗೆಯವರಿಗೆ ಕೊನೇ ಪಂಕ್ತಿ ತಾನೆ?

ನಾವು ಹೋಗಬೇಕಾದದ್ದು ಹುಬ್ಬಳ್ಳಿಗೆ. ಗೊರವಂಕ ವಿಮಾನ ಕಂಪನಿಯವರು ತಮ್ಮ ಹೊಸ ಸಣ್ಣ ವಿಮಾನಗಳ ಗವಸನ್ನು ನಮ್ಮಿಂದಲೇ ಹೊಲಿಸಬೇಕೋ ಬೇಡವೋ ಎಂದು ಅಲ್ಲಿ ಅಂದು ತೀರ್ಮಾನಿಸುವವರಿದ್ದರು. ನಾವು ಮಾದರಿಗೆಂದು ಹೊಲಿದು ಕಳಿಸಿದ ಗವಸನ್ನು ರೆಕ್ಕೆಗೆ ಫ್ಯಾನಿರುವ ತಮ್ಮ ಹಳೆಯ ವಿಮಾನದ ಒಂದು ಸೀಟಿಗೆ ತೊಡಿಸಿ, ಅದೇ ವಿಮಾನದಲ್ಲಿ ಬನ್ನಿ ಎಂದು ಟಿಕೆಟ್ಟು ಕಳಿಸಿದ್ದರು. ಒಪ್ಪಿಗೆಯಾದರೆ ಶೆಡ್ಡು ಉಳಿಯುತ್ತಿತ್ತು. ಇಲ್ಲದಿದ್ದರೆ ಯುಗಾದಿಯ ಹೊತ್ತಿಗೆ ಬಾಗಿಲು ಹಾಕಿ ಜಾಗವನ್ನು ಗೋದಾಮಿಗೆ ಬಾಡಿಗೆ ಕೊಡುವುದೆಂದು ನಮ್ಮ ಮನೆಯಲ್ಲಿ ಮಾತಾಗಿತ್ತು. ಗದಗ, ಕೊಪ್ಪಳದ ಕಡೆಯಿಂದ ಬಂದು ಚಿಕ್ಕಬಾಣಾವರದ ಬಾಡಿಗೆ ರೂಮುಗಳಲ್ಲಿರುವ ನಮ್ಮ ಹೊಲಿಗೆಯ ಹೆಂಗಸರಿಗೆಲ್ಲ ಇದು ಗೊತ್ತಿತ್ತು. ಹಿಂದಿನ ದಿನ ಅವರು ಶಾಂತವ್ವನ ಸೀರೆಗೆ ತಾವೇ ಇಸ್ತ್ರಿ ಹಾಕಿ ಕೊಟ್ಟಿದ್ದರು.

ಜಾಲಹಳ್ಳಿ ಕ್ರಾಸಿನವರೆಗೆ ಆಟೋ, ಅಲ್ಲಿಂದ ಹೆಬ್ಬಾಳಕ್ಕೆ ಸಿಟಿ ಬಸ್ಸು, ಹೆಬ್ಬಾಳದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಎಸಿ ಬಸ್ಸು. ಆ ಎಸಿ ಬಸ್ಸಿನ ಟಿಕೆಟ್ಟಿನ ದರದಲ್ಲಿ ಹುಬ್ಬಳ್ಳಿಗೇ ರೈಲಿನ ಜನರಲ್ ಬೋಗಿಯಲ್ಲಿ ಹೋಗಬಹುದೆಂದು ಶಾಂತವ್ವ ಕಂಡಕ್ಟರಿಗೆ ತಿಳಿಹೇಳಿದರು. ಅವನು ನಕ್ಕು ಮುಂದೆ ಹೋದ. ಹೆಬ್ಬಾಳದ ಮೇಲ್ಸೇತುವೆಯ ಪಕ್ಕ ಗೊರವಂಕದ ದೊಡ್ಡ ಜಾಹೀರಾತು ನಿಂತಿತ್ತು. ಮಂಜಿನಲ್ಲಿ ಹಳದಿ ಕೊಕ್ಕು ಮಾತ್ರ ಕಂಡು, ಉಳಿದ ಹಕ್ಕಿಯನ್ನು ನಾವೇ ಊಹಿಸಿಕೊಂಡೆವು.

ಆ ಹಕ್ಕಿ ಬೆಳೆದದ್ದನ್ನು ನಾನು ಕಂಡದ್ದು ಗವಸುಗಳ ಮೂಲಕ. ಹುಬ್ಬಳ್ಳಿಯ ಕಡೆ ಬಸ್ಸು ಓಡಿಸುತ್ತಿದ್ದ ಸಾವಕಾರರೊಬ್ಬರು ಒಂದು ಸಣ್ಣ ವಿಮಾನ ಕೊಂಡು, ದೇವನಹಳ್ಳಿಯದು ಬರುವ ಮುಂಚಿನ ಹಳೆಯ ನಿಲ್ದಾಣದಿಂದ ಹಾರಿಸತೊಡಗಿದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಅವರು ವಿಮಾನವನ್ನೂ ಬಸ್ಸಿನಂತೆಯೇ ನಡೆಸಿದರು. ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣು, ಮೂಗಿಗೆ ಚೆಂಡುಹೂವಿನ ಹಾರ; ಮೆಟ್ಟಿಲ ಬಳಿ ತಾವೇ ನಿಂತು ಹತ್ತುವವರ ಊರು, ಮನೆತನ ವಿಚಾರಿಸುತ್ತಿದ್ದರಂತೆ. ಆಮೇಲೆ ವಿಮಾನ ಮೂರಾದವು. ಟಿಕೆಟ್ಟು ಅಗ್ಗವಾದ ಕಾಲದಲ್ಲಿ ಬೊಮ್ಮಸಂದ್ರದ ಔಷಧಿ ಕಾರ್ಖಾನೆಯ ಸೂಪರ್‌ವೈಸರುಗಳೂ ಪೀಣ್ಯದ ಟರ್ನರುಗಳೂ ದೀಪಾವಳಿಗೆ ಹಾರಿ ಊರಿಗೆ ಹೋದರು. ನಮ್ಮ ಮಷಿನುಗಳಿಗೆ ಪುರುಸೊತ್ತೇ ಇರಲಿಲ್ಲ. ಅದಾದ ಮೇಲೆ ಜೆಟ್ಟುಗಳು ಬಂದವು, ಅವುಗಳ ಸೀಟು ಪರದೇಶದಿಂದ ಗವಸು ತೊಟ್ಟೇ ಬರತೊಡಗಿದವು. ಕಂಪನಿ ದೊಡ್ಡದಾದಷ್ಟೂ ನಮ್ಮ ಶೆಡ್ಡು ಸಣ್ಣದಾಯಿತು.

ಮೊದಲ ವಿಮಾನಕ್ಕೆ ಅಳತೆ ಕೊಡಲು ಬಂದಾಗ ಸಾವಕಾರರು ಅಪ್ಪನಿಗೆ ಒಂದೇ ಮಾತು ಹೇಳಿದ್ದರು: ಸೀಟಿನ ಬೆನ್ನಿನ ಕಿಸೆಯಲ್ಲಿ ರೊಟ್ಟಿಯ ಗಂಟು ಹಿಡಿಯಬೇಕು. ನಾವು ಜೇಬು ಎನ್ನುವುದಕ್ಕೆ ಅವರ ಕಡೆ ಕಿಸೆ ಎನ್ನುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳದೆ ಆ ಸೀಮೆಯ ಜನ ಬಸ್ಸು ಹತ್ತುವುದುಂಟೆ? ಶಾಂತವ್ವ ಮೊಣಕೈಯವರೆಗೆ ಕೈ ಇಳಿಯುವ ಕಿಸೆ ಹೊಲಿದರು. ಆದರೆ ಬಸ್ಸಿಗೆ ಇಡೀ ರಾತ್ರಿಯ ದಾರಿ, ವಿಮಾನಕ್ಕೆ ಸುಮಾರು ಒಂದು ಗಂಟೆ ಎನ್ನುವುದು ಸಾವಕಾರರಿಗಾಗಲಿ, ಅಪ್ಪನಿಗಾಗಲಿ, ಶಾಂತವ್ವನಿಗಾಗಲಿ ಹೊಳೆಯಲೇ ಇಲ್ಲ. ಹಸಿವಾಗುವುದರೊಳಗೆ ಇಳಿಸಿಬಿಡುವ ವಿಮಾನಕ್ಕೆ ಒಂದು ರಾತ್ರಿಗಾಗುವಷ್ಟು ದೊಡ್ಡ ಕಿಸೆ. ಜನ ಅದರಲ್ಲಿ ಕನ್ನಡಕ, ಬೀಗದ ಕೈ, ಔಷಧಿ ಚೀಟಿ ಮರೆತು ಇಳಿಯುತ್ತಿದ್ದರು. ಈಗಿನ ನಕ್ಷೆಯಲ್ಲಿ ಕಂಪನಿ ಕಿಸೆಯನ್ನು ಅಂಗೈಯಷ್ಟು ಮಾಡಿತ್ತು.

ನಿಲ್ದಾಣದ ತಪಾಸಣೆಯಲ್ಲಿ, ಶಾಂತವ್ವ ಕಟ್ಟಿಕೊಂಡು ಬಂದಿದ್ದ ರೊಟ್ಟಿಯ ಗಂಟು ಬಿಚ್ಚಿಸಿದರು. ಸಮವಸ್ತ್ರದ ಹೆಣ್ಣುಮಗಳು ಚಟ್ನಿಪುಡಿಯನ್ನು ಮೂಸಿ, ಸೀನಿ, ಕೈಯಲ್ಲೇ ಹೋಗಿ ಎಂದು ಸನ್ನೆ ಮಾಡಿದಳು.

ಫ್ಯಾನು ವಿಮಾನ ದೂರದ ಒಂದು ಮೂಲೆಯಲ್ಲಿ, ಜೆಟ್ಟುಗಳ ನಡುವೆ ಕರುವಿನ ಹಾಗೆ ನಿಂತಿತ್ತು. ಮೆಟ್ಟಿಲ ಪಕ್ಕದಲ್ಲಿ ಊರು ಕೇಳುವವರು ಯಾರೂ ಇರಲಿಲ್ಲ. ನಮ್ಮ ಮಾದರಿಯ ಸೀಟು ಮೊದಲ ಸಾಲಿನಲ್ಲಿ, ನಾವು ಅದರ ಹಿಂದೆ. ಉಳಿದ ಸೀಟುಗಳ ಮೇಲೆ ನಾವು ಹಿಂದೆ ಹೊಲಿದ ಗವಸುಗಳೇ ಇದ್ದವು. ಶಾಂತವ್ವ ಕುಳಿತವರೇ ಹೊಲಿಗೆಯ ಮೇಲೆ ಬೆರಳಾಡಿಸಿ, ರೊಟ್ಟಿಯ ಗಂಟನ್ನು ಮುಂದಿನ ಕಿಸೆಗೆ ಇಳಿಬಿಟ್ಟರು. ಅದು ಸದ್ದಿಲ್ಲದೆ ಪೂರ್ತಿ ಒಳಗೆ ಹೋಯಿತು.

ನಾನೂ ಕೈ ಹಾಕಿ ನೋಡಿದೆ. ಹೊರಗಿನ ಅಳತೆಯೆಲ್ಲ ನಕ್ಷೆಯಂತೆಯೇ ಇತ್ತು, ಕಿಸೆಯ ಬಾಯಿಯೂ ಸರಿಯಿತ್ತು. ಒಳಗಿನ ಆಳ ಮಾತ್ರ ಹಳೆಯದೇ.

"ಶಾಂತವ್ವ, ಡ್ರಾಯಿಂಗ್ ತರಾನೇ ಹೊಲೀರಿ ಅಂದಿದ್ನಲ್ಲ?"

"ರೊಟ್ಟಿ ಹಿಡೀಲಿಲ್ಲಂದ್ರ ಅದೆಂಥಾ ಕಿಸೇರಿ ಅಕ್ಕಾರ," ಎಂದರು ಅವರು, ತೀರಾ ಸಹಜವಾಗಿ.

ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಫ್ಯಾನುಗಳು ತಿರುಗತೊಡಗಿದವು. ನಮ್ಮ ಶೆಡ್ಡಿನ ಮಷಿನುಗಳೆಲ್ಲ ಒಟ್ಟಿಗೆ ಹೊಲಿದರೆ ಬರುವಂಥದೇ ಸದ್ದು, ಆದರೆ ಅದು ಹೊರಗಿನಿಂದ ಬರದೆ ಹೊಟ್ಟೆಯೊಳಗಿಂದ ಬರುತ್ತಿತ್ತು. ನೆಲ ಯಾವಾಗ ಬಿಟ್ಟಿತೋ ತಿಳಿಯಲಿಲ್ಲ. ಬಿಳಿಯ ಮಂಜಿನೊಳಗೆ ಹೊಕ್ಕು ಸ್ವಲ್ಪ ಹೊತ್ತು ಎಲ್ಲೂ ಇಲ್ಲದವರಾಗಿದ್ದೆವು. ಆಮೇಲೆ ಒಮ್ಮೆಲೇ ಬಿಸಿಲು. ಮಂಜು ಕೆಳಗೆ ಉಳಿದು, ಅದರ ಸಂದಿಯಲ್ಲಿ ಒಂದು ಕೆರೆ, ತೋಟದ ಒಂದು ಚೂರು, ಆಚೆ ಬಹುದೂರದಲ್ಲಿ ತಗಡಿನ ಚಾವಣಿಗಳು ಫಳಫಳಿಸಿ ಮಾಯವಾದವು. ಅದೇ ಪೀಣ್ಯ ಎಂದು ನಾನಂದೆ. ಆಗಿರಲಿಕ್ಕಿಲ್ಲ. ಶಾಂತವ್ವ ಕಿಟಕಿಗೆ ಹಣೆ ಹಚ್ಚಿಕೊಂಡು ಅದನ್ನೇ ನಂಬಿದರು. ಅವರ ಬಲಗಾಲು ನೆಲದ ಮೇಲೆ ಮೆಲ್ಲಗೆ ಪೆಡಲ್ ಒತ್ತುತ್ತಿತ್ತು, ವಿಮಾನವನ್ನು ತಾವೇ ಓಡಿಸುತ್ತಿರುವವರ ಹಾಗೆ. ನನ್ನ ಸಿಟ್ಟು ಎಲ್ಲಿ ಕರಗಿತೋ ಗೊತ್ತಿಲ್ಲ. ಇದು ಮುಗಿಯದಿರಲಿ, ಯಾವ ಊರೂ ಬರದಿರಲಿ ಎನಿಸಿತು. ಗಗನಸಖಿ ಒಂದು ಲೋಟ ನೀರು ಕೊಟ್ಟಳು. ಅದನ್ನು ಕುಡಿದು ಮುಗಿಸುವಷ್ಟರಲ್ಲಿ ಕಪ್ಪು ಹೊಲಗಳು ಕಾಣಿಸಿ, ಹುಬ್ಬಳ್ಳಿ ಬಂತು ಎಂದರು.

ಇಳಿದಾಗ ಗಾಳಿ ಒಣಗಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ಪ್ರಯಾಣಿಕರೆಲ್ಲ ಹೋದ ಮೇಲೆ ವಿಮಾನವನ್ನು ರಿಪೇರಿ ಶೆಡ್ಡಿಗೆ ಎಳೆದು ತಂದರು. ಅಲ್ಲಿ ನಮಗಾಗಿ ಖರೀದಿ ವಿಭಾಗದ ಮೇಡಂ ಕಾದಿದ್ದರು. ಮೃದುಮಾತಿನ ಹೆಂಗಸು, ನಮ್ಮನ್ನು ಕೂರಿಸಿ, ಚಹಾ ತರಿಸಿ, ಆಮೇಲೆಯೇ ಟೇಪು ಹಿಡಿದು ವಿಮಾನ ಹತ್ತಿದರು. ನಾವೂ ಹಿಂದೆ ಹತ್ತಿದೆವು. ಹೊಲಿಗೆ ಎಳೆದು ನೋಡಿ ತಲೆದೂಗಿದರು. ಅಂಚು ನೋಡಿ ಚೆನ್ನಾಗಿದೆ ಎಂದರು. ಕೊನೆಗೆ ಟೇಪಿನ ತುದಿಯನ್ನು ಕಿಸೆಗೆ ಬಿಟ್ಟರು. ಟೇಪು ಏನಕ್ಕೋ ತಗುಲಿ ನಿಂತಿತು. ಅವರು ಕೈ ಹಾಕಿದರು, ಮಣಿಕಟ್ಟು ಮುಳುಗಿತು, ಇನ್ನೂ ಇಳಿಯಿತು, ರೊಟ್ಟಿಯ ಗಂಟು ಹೊರಗೆ ಬಂತು.

ಕಿಟಕಿಯ ಮೋಹದಲ್ಲಿ ಶಾಂತವ್ವ ಅದನ್ನು ತಿನ್ನುವುದಿರಲಿ, ಇಳಿಯುವಾಗ ತೆಗೆದುಕೊಳ್ಳುವುದನ್ನೂ ಮರೆತಿದ್ದರು. ಹೊಲಿದವರೇ ಮರೆತರೆ ಮೇಡಂ ಇನ್ನೇನು ಹೇಳಬೇಕು? ಆದರೂ ಅವರು ಸಮಾಧಾನದಿಂದ ವಿವರಿಸಿದರು. ಬಂದ ವಿಮಾನ ಬೇಗನೆ ತಿರುಗಿ ಹಾರಬೇಕು, ಪ್ರತಿ ಕಿಸೆಗೂ ತೋಳಿನವರೆಗೆ ಕೈ ಹಾಕಿ ಸ್ವಚ್ಛ ಮಾಡುತ್ತ ಕೂತರೆ ಆಗುವುದಿಲ್ಲ, ಹೊಸ ಮಾದರಿ ಹೊಲಿಸಿ ತರಿಸಲು ವೇಳೆಯಿಲ್ಲ. ಕೆಲಸವನ್ನು ಬೇರೆಯವರಿಗೆ ಕೊಡುತ್ತೇವೆ ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಅಂದು ನಮಗೆ ಎರಡೂ ರೀತಿಯಲ್ಲಿ ನಿಜವಾಯಿತು. ನನಗೆ ಅಳು ಬಂತು. ಶಾಂತವ್ವ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲಿಳಿದರು.

ಕೆಳಗೆ, ರೆಕ್ಕೆಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮುದುಕರೊಬ್ಬರು ಕೂತಿದ್ದರು. ಬಿಳಿ ಟೋಪಿ, ಧೋತರ. ಗೊರವಂಕದ ಸಾವಕಾರರೇ. ವಿಮಾನದ ವ್ಯವಹಾರವೆಲ್ಲ ಈಗ ಮಕ್ಕಳದು. ಅವರು ದಿನವೂ ಈ ನೆರಳಿಗೆ ಬಂದು ಕೂತು ಹೋಗುತ್ತಾರಂತೆ. ನಾವು ಪೀಣ್ಯದವರು ಎಂದು ತಿಳಿದೊಡನೆ ಅಪ್ಪನನ್ನು ಕೇಳಿದರು, ತೀರಿಕೊಂಡರೆಂದಾಗ ಟೋಪಿ ತೆಗೆದರು. ಮೇಲೆ ನಡೆದದ್ದನ್ನು ಹೇಳಿದೆ. ಅವರು ಕೈ ಚಾಚಿ ರೊಟ್ಟಿ ಕೇಳಿದರು. ಗಂಟು ಬಿಚ್ಚಿ, ರೊಟ್ಟಿ ಮುರಿದು, ಚಟ್ನಿ ಹಚ್ಚಿ ಶಾಂತವ್ವನಿಗೊಂದು ಚೂರು, ನನಗೊಂದು ಚೂರು ಕೊಟ್ಟರು. ಮೂವರೂ ತಿಂದೆವು.

"ಆ ಕಿಸೆ ಹೊಲೀರಿ ಅಂದಾಂವ ನಾನs," ಎಂದರು ಆಮೇಲೆ. "ವಿಮಾನ ಹುಡುಗರ ಕೈಯಾಗ ಐತಿ, ಅಲ್ಲಿ ನನ್ನ ಮಾತು ನಡ್ಯಾಂಗಿಲ್ಲ. ಬಸ್ಸ ಇನ್ನೂ ನನ್ನ ಕೈಯಾಗ ಅದಾವ. ಬಸ್ಸಿನ್ಯಾಗ ಮಂದಿಗೆ ಹಸಿವಾಗೂ ಅಷ್ಟು ದಾರಿ ಐತ್ರಿ. ಅವಕ್ಕ ಹೊಲೀತೀರೇನು?"

ಶಾಂತವ್ವ ನನ್ನ ಮುಖ ನೋಡಿದರು. ಹೊಲಿತೀವಿ ಸಾರ್ ಎಂದೆ.

ವಾಪಸು ಬರಲು ಕಂಪನಿಯ ಟಿಕೆಟ್ಟಿರಲಿಲ್ಲ. ಸಂಜೆಯ ಪ್ಯಾಸೆಂಜರ್ ರೈಲು ಹತ್ತಿದೆವು. ರಾತ್ರಿಯಿಡೀ ರೈಲಿನ ಸದ್ದಿನೊಳಗೆ ನನಗೆ ಫ್ಯಾನಿನ ಸದ್ದೇ ಕೇಳುತ್ತಿತ್ತು. ಬೆಳಿಗ್ಗೆ ಚಿಕ್ಕಬಾಣಾವರದಲ್ಲಿ ಇಳಿದಾಗ ಅದೇ ಮಂಜು, ಪ್ಲಾಟ್‌ಫಾರಮ್ಮಿನ ಮೇಲೆ ಮೊದಲ ಶಿಫ್ಟಿಗೆ ಓಡುವ ಅದೇ ಜನ. ನಮ್ಮ ಹೊಲಿಗೆಯ ಹೆಂಗಸರು ಸ್ಟೇಷನ್ನಿನ ಗೇಟಿನ ಬಳಿ ಕಾಯುತ್ತಿದ್ದರು. ವಿಮಾನ ಹೋಯಿತು, ಬಸ್ಸು ಬಂತು ಎಂದು ನಾನು ಹೇಳಿದೆ. ಕೆಲಸ ಉಳಿಯಿತಲ್ಲ ಎಂದು ಅವರು ಶಾಂತವ್ವನ ಕೈ ಹಿಡಿದುಕೊಂಡರು.

ಆಗ ಮೇಲೆ ಗುಂಯ್‌ಗುಟ್ಟುವ ಸದ್ದಾಯಿತು. ಮಷಿನಿನ ಮೇಲೆ ಬಗ್ಗಿ ಬಗ್ಗಿ ಶಾಂತವ್ವ ಇಷ್ಟು ವರ್ಷ ಇಂಥ ಸದ್ದಿಗೆ ತಲೆಯೆತ್ತಿದವರಲ್ಲ. ಅಂದು ಎತ್ತಿದರು. ಮಂಜು ಹರಿದ ಕಡೆ ಸಣ್ಣ ವಿಮಾನವೊಂದು ಹುಬ್ಬಳ್ಳಿಯ ದಿಕ್ಕಿಗೆ ಹೋಗುತ್ತಿತ್ತು. ಅದು ಮರೆಯಾಗುವವರೆಗೂ ಅವರು ಹೆಜ್ಜೆ ಕಿತ್ತಿಡಲಿಲ್ಲ.

"ನಮ್ಮ ಕಿಸೆ ಹೊಂಟಾವ ನೋಡ್ರಿ ಅಕ್ಕಾರ," ಎಂದರು.