ಮಣ್ಣನ್ನು ಬಂಡೆ ಎನ್ನದ ಜಾಹಿದಾ

“ಬಂಡೆ ಅಂತ ಬರೀರಿ ಮೇಡಂ. ನಿಮ್ಮನೆ ಗಂಟೇನ್ ಹೋಗುತ್ತೆ?”

“ಪಿಕಾಸಿ ತಗೊಂಡು ನೀವೇ ಹೊಡೀರಿ ಶ್ರೀಕಾಂತ್. ಒಂದ್ ಕಿಡಿ ಹಾರಿದ್ರೆ ಈಗ್ಲೇ ಬರೀತೀನಿ.”

ಯಲಹಂಕದ ಆಚೆ, ಕೋಗಿಲು ಕಡೆಯ ರೈಲುಹಳಿಯ ಪಕ್ಕ. ಬೆಳಗಿನ ಬೆಳಕು ಇನ್ನೂ ಗುಂಡಿಯ ತಳ ಮುಟ್ಟಿಲ್ಲ, ಜಗಳ ಆಗಲೇ ಕಾವೇರಿದೆ. ಗುತ್ತಿಗೆದಾರ ಶ್ರೀಕಾಂತ್ ಪಿಕಾಸಿ ಮುಟ್ಟುವುದಿಲ್ಲ. ಜಾಹಿದಾ ದುಪಟ್ಟಾ ಸೊಂಟಕ್ಕೆ ಬಿಗಿದು ತಾವೇ ಹೊಡೆಯುತ್ತಾರೆ. ಪಿಕಾಸಿ ಕೆಮ್ಮಣ್ಣಿನಲ್ಲಿ ಕುತ್ತಿಗೆಯವರೆಗೆ ಹೂತುಕೊಳ್ಳುತ್ತದೆ. ಕೀಳಲು ಒದ್ದಾಡಬೇಕಾಗುತ್ತದೆ.

ಹಳಿಯಡಿ ಕೆಳಸೇತುವೆ ಕಟ್ಟುವ ಈ ಕಾಮಗಾರಿಗೆ ಜಾಹಿದಾ ಕಿರಿಯ ಎಂಜಿನಿಯರ್. ಖರ್ಚಿನ ಅಂದಾಜು ಹಾಕುವುದು, ಟೆಂಡರಿನ ದರ ತಾಳೆ ನೋಡುವುದು, ಅಗೆದದ್ದನ್ನು ಅಳೆದು ಬಿಲ್ಲಿಗೆ ಸಹಿ ಹಾಕುವುದು ಅವರ ಕೆಲಸ. ಉದ್ಘಾಟನೆಯ ಕಲ್ಲಿನ ಮೇಲೆ ಇಂಥವರ ಹೆಸರು ಕೆತ್ತುವುದಿಲ್ಲ. ದುಡ್ಡು ಸೋರಿದಾಗ ಮಾತ್ರ ಹುಡುಕಿಕೊಂಡು ಬರುತ್ತಾರೆ.

ಮಣ್ಣು ಅಗೆಯಲು ಒಂದು ದರ, ಬಂಡೆ ಒಡೆಯಲು ಅದರ ಹಲವು ಪಟ್ಟು. ಕಡಿಮೆ ಕೂಗಿದವನಿಗೆ ಕೆಲಸ ಎಂಬುದು ನಿಯಮ. ಬಾಯಿಗೆ ಬಂದ ಕಡಿಮೆ ದರ ಕೂಗಿ, ಆಮೇಲೆ ಮಣ್ಣನ್ನು ಬಂಡೆ ಎಂದು ಬರೆಸಿಕೊಳ್ಳುವುದು ಚಾಳಿ. ನಾಚಿಕೆಗೇಡು, ಆದರೆ ನಡೆದುಕೊಂಡು ಬಂದಿದೆ. ಶ್ರೀಕಾಂತನ ದರ ನೋಡಿದ ದಿನವೇ ಇಷ್ಟಕ್ಕೆ ಕೆಲಸ ಏಳುವುದಿಲ್ಲ ಎಂದು ಜಾಹಿದಾ ಮೇಲಿನವರಿಗೆ ಹೇಳಿದ್ದರು. ಸರ್ಕಾರಕ್ಕೆ ಉಳಿತಾಯವಾಯಿತಲ್ಲ ಬಿಡಮ್ಮ ಎಂದು ಅವರು ನಕ್ಕಿದ್ದರು.

ಹಾಗಂತ ಶ್ರೀಕಾಂತ್ ಕೇಡಿಯಲ್ಲ. ಶನಿವಾರ ತಪ್ಪದೆ ಕೂಲಿ ಕೊಡುವವನು. ಯಂತ್ರಗಳು ಕೆಲಸವಿಲ್ಲದೆ ತುಕ್ಕು ಹಿಡಿಯುತ್ತಿದ್ದವು, ಅದಕ್ಕೇ ಹಾಗೆ ಕೂಗಿದೆ ಎಂದು ಒಪ್ಪಿಕೊಳ್ಳುತ್ತಾನೆ. ಜಾಹಿದಾರ ಜೀವ ಎಲ್ಲಿದೆ ಎಂಬುದೂ ಅವನಿಗೆ ಗೊತ್ತು.

ಅದು ಹಳಿಯ ಆಚೆ ಇದೆ. ಅಕ್ಕ ಅಮೀನಾರ ಮನೆ ಅಲ್ಲೇ ಎದುರಿಗೆ. ಗುಂಡಿಯ ಅಂಚಿನಲ್ಲಿ ನಿಂತರೆ ಮಹಡಿಯ ಮೇಲೆ ಒಣಹಾಕಿದ ಬಟ್ಟೆ ಕಾಣುತ್ತದೆ. ಹಳಿ ದಾಟುವ ರೈಲ್ವೆ ಗೇಟು ಮುಚ್ಚಿ ಗೋಡೆ ಎಬ್ಬಿಸಿದ ಮೇಲೆ, ಈಚೆ ಬದಿಯ ತಮ್ಮ ಮನೆಯಿಂದ ಅಲ್ಲಿಗೆ ಹೋಗಲು ಊರೆಲ್ಲ ಸುತ್ತಿ ಬಸ್ಸು ಬದಲಿಸಬೇಕು. ಅಕ್ಕನ ಮಂಡಿ ಸವೆದಿದೆ. ಫೋನು ದಿನವೂ ಉಂಟು, ಮುಖ ನೋಡುವುದು ಹಬ್ಬಕ್ಕೆ ಮಾತ್ರ.

“ದೊಡ್ಡ ಆಸೆ ಏನಿಲ್ಲ ಕಣ್ರೀ. ಮನೆ ಚಪ್ಪಲೀಲೇ ಹೋಗ್ಬೇಕು. ಅವಳ ಅಡುಗೆಮನೇಲಿ ಕೂತು ಒಂದ್ ಚಾ ಕುಡಿದು, ಬೈಸ್ಕೊಂಡು ಬರ್ಬೇಕು” ಎನ್ನುತ್ತಾರೆ ಜಾಹಿದಾ.

ಶ್ರೀಕಾಂತ್ ಕೊನೆಗೆ ಅಲ್ಲಿಗೇ ಕೈ ಹಾಕುತ್ತಾನೆ, ದನಿ ತಗ್ಗಿಸಿ. “ಒಂದ್ ಸಹಿ ಮೇಡಂ. ಬರೋ ರಂಜಾನ್‌ಗೆ ಅಕ್ಕನ ಮನೆಗೆ ನಡ್ಕೊಂಡೇ ಹೋಗ್ತೀರಿ. ಇಲ್ಲಾಂದ್ರೆ ನಾನ್ ಮಷೀನೆಲ್ಲ ಎತ್ತಿಸ್ತೀನಿ, ಕೆಲಸ ನಿಲ್ಲುತ್ತೆ. ಮತ್ತೆ ಟೆಂಡರು, ಮತ್ತೆ ಕೋರ್ಟು. ಅಷ್ಟ್ರಲ್ಲಿ ಯಾರಿರ್ತಾರೋ, ಯಾರಿಲ್ವೋ.”

ಜಾಹಿದಾ ತಲೆಯೆತ್ತಿ ಹಳಿಯ ಕಡೆ ನೋಡುತ್ತಾರೆ. ಗೂಡ್ಸ್ ಗಾಡಿಯೊಂದು ಹಾದುಹೋಗುತ್ತದೆ.

“ಇದು ಮಣ್ಣು ಶ್ರೀಕಾಂತ್. ಅಕ್ಕನೇ ಬಂದು ಕೇಳಿದ್ರೂ ಮಣ್ಣೇ.”

ಅವನು ಹೆಲ್ಮೆಟ್ ತೆಗೆದು ಜಲ್ಲಿ ರಾಶಿಯ ಮೇಲಿಡುತ್ತಾನೆ. ಏಣಿ ಹತ್ತಿ ಜೀಪಿನತ್ತ ನಡೆಯುತ್ತಾನೆ. ಮಧ್ಯಾಹ್ನ ಲಾರಿ ಬಂದು ಅವನ ಯಂತ್ರಗಳನ್ನು ಹೇರಿಕೊಂಡು ಹೋಗುತ್ತದೆ. ಅವನು ಇಂದಿಗೂ ಮರಳಿಲ್ಲ, ಗುಂಡಿ ಹಾಗೇ ಬಿದ್ದಿದೆ.